ಮಾವನ ಕಫದಲ್ಲಿ ಫಂಗಸ್ ಬೆಳೆದಿದೆಯಂತೆ, ಟಿಬಿ ಮಾತ್ರೆ ಬೇರೆ ನಡೆಯುತ್ತಿದೆ. ಈಗ ಏನು ಮಾಡುವುದು?

ಮದ್ದೂರು ಸೊಸೆ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಮಾವನಿಗೆ 64 ವರ್ಷ. ಮದ್ದೂರಿನ ಹತ್ತಿರ ಹಳ್ಳಿ. ಮೂವತ್ತು ವರ್ಷ ಆಲೆಮನೆ ನಡೆಸಿದವರು. 2011ರಲ್ಲಿ ಟಿಬಿ ಆಗಿತ್ತು. ಸರ್ಕಾರಿ ಮಾತ್ರೆಯನ್ನು ಒಂದು ಸಲವೂ ತಪ್ಪಿಸದೆ ಆರು ತಿಂಗಳು ನುಂಗಿದರು, ವಾಸಿಯೂ ಆಯಿತು. ಆಮೇಲೆ ಮೂಟೆ ಎತ್ತಿದರೆ ದಮ್ಮು ಬರುತ್ತಿತ್ತು, ಅಷ್ಟೇ.

ಈಗ ಐದು ತಿಂಗಳಿಂದ ಕೆಮ್ಮು. ಪಂಚೆ ಸೊಂಟದಲ್ಲಿ ನಿಲ್ಲುತ್ತಿಲ್ಲ, ತೂಕ ಹಾಕಿಸಿದರೆ 6 ಕೆಜಿ ಇಳಿದಿದೆ. ಎರಡು ಸಲ ಕಫದಲ್ಲಿ ರಕ್ತದ ಗೆರೆ ಕಂಡಿದ್ದೇನೆ. ಕೇಳಿದರೆ "ಎಲೆ ಅಡಿಕೆ ಕಣವ್ವ, ಏನಿಲ್ಲ ಬುಡು" ಅಂತಾರೆ. ಬಲವಂತ ಮಾಡಿ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು. ಎಕ್ಸ್‌ರೇ ನೋಡಿದರು, ಹಳೇ ಟಿಬಿ ಕಥೆ ಕೇಳಿದರು, "ಮತ್ತೆ ಬಂದಿದೆ" ಅಂತ ಅವತ್ತೇ ಮಾತ್ರೆ ಶುರು ಮಾಡಿದರು. ಕಫದ ಪರೀಕ್ಷೆ ಮಾಡಲಿಲ್ಲ. ಎರಡು ತಿಂಗಳಾಯಿತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತೇ ಹೊರತು ಕೆಮ್ಮು ಒಂದಿಷ್ಟೂ ಇಳಿದಿಲ್ಲ.

ನಮ್ಮ ನಾದಿನಿ ಮೈಸೂರಿನಲ್ಲಿದ್ದಾರೆ. ಅವರೇ ಕಫ ತೆಗೆದುಕೊಂಡು ಹೋಗಿ ಕಲ್ಚರ್ ಮಾಡಿಸಿದರು. ನಿನ್ನೆ ರಿಪೋರ್ಟ್ ಬಂತು: "ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಬೆಳೆದಿದೆ." ನಮ್ಮ ಯಜಮಾನರು ಫಂಗಸ್ ಅನ್ನುವ ಪದ ಕೇಳಿದ ತಕ್ಷಣ 2021ರ ಬ್ಲ್ಯಾಕ್ ಫಂಗಸ್ ನೆನಪಾಗಿ ಮಂಕಾಗಿ ಕೂತಿದ್ದಾರೆ. ಇದು ಅದೇನಾ? ಮನೆಯಲ್ಲಿ ನಾಲ್ಕು ವರ್ಷದ ಮಗು ಇದೆ, ತಾತನ ಪಕ್ಕದಲ್ಲೇ ಮಲಗುವುದು. ಅಂಟುತ್ತದಾ? ಟಿಬಿ ಮಾತ್ರೆ ನಿಲ್ಲಿಸಬೇಕಾ?

ಹೆಬ್ಬಾಳ್ ಎರಡನೇ ಹಂತ (ಭಾನುವಾರ ರಾತ್ರಿ)

ಗಾಬರಿ ಆಗಬೇಡಿ ತಂಗಿ. ಫಂಗಸ್ ಎಲ್ಲರ ಶ್ವಾಸಕೋಶದಲ್ಲೂ ಇರುತ್ತದೆ, ಗಾಳಿಯಲ್ಲೇ ಇದೆ. ಲ್ಯಾಬಿನವರು ಏನಾದರೂ ಒಂದು ಬರೆಯಲೇಬೇಕಲ್ಲ, ಬರೆದಿದ್ದಾರೆ. ಬೇವಿನ ಎಲೆ, ಸಾಂಬ್ರಾಣಿ ಹೊಗೆ ಹಾಕಿ. ನಮ್ಮ ಮನೆಯಲ್ಲಿ ಹಿರಿಯರು ಹಾಗೇ ಮಾಡುತ್ತಿದ್ದರು.

ಲ್ಯಾಬ್ ಮೇಷ್ಟ್ರು (ಭಾನುವಾರ ರಾತ್ರಿ)

"ಏನಾದರೂ ಒಂದು" ಬರೆಯುವವರಲ್ಲಿ ನಾನೂ ಒಬ್ಬ ಸ್ವಾಮಿ. ಇಪ್ಪತ್ತೆರಡು ವರ್ಷ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕಫ ನೋಡಿದ್ದೇನೆ. ಹೊಗೆ ಮಾತ್ರ ಹಾಕಬೇಡಿ. ಕೆಮ್ಮುವವರ ಕೋಣೆಗೆ ಹೊಗೆ ಅಂದರೆ ಗಾಯಕ್ಕೆ ಖಾರದಪುಡಿ.

ನೀವು ಹೇಳಿದ್ದರಲ್ಲಿ ಅರ್ಧ ನಿಜ. ಇದರ ಬೀಜಕಣ 2ರಿಂದ 3 ಮೈಕ್ರಾನ್ ಅಷ್ಟೇ, ಮೂಗು ಗಂಟಲು ದಾಟಿ ನೇರ ಶ್ವಾಸಕೋಶದ ತುದಿಗೆ ಹೋಗುವ ಅಳತೆ. ನಾವೆಲ್ಲ ದಿನಾ ನೂರಾರು ಎಳೆದುಕೊಳ್ಳುತ್ತೇವೆ. ಒಳ್ಳೆಯ ಶ್ವಾಸಕೋಶ ಗುಡಿಸಿ ಆಚೆ ಹಾಕುತ್ತದೆ. ಆದರೆ ಹಳೇ ಟಿಬಿ ಆದವರು, ಸಿಒಪಿಡಿ (ಉಸಿರು ನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಇರುವವರು, ಉಸಿರು ನಾಳ ಹಿಗ್ಗಿದವರು, ಇವರ ಒಳಗೆ ಗುಡಿಸುವ ಕೆಲಸ ಸರಿಯಾಗಿ ನಡೆಯುವುದಿಲ್ಲ. ಅಲ್ಲಿ ಅದು ಬೀಡು ಬಿಡುತ್ತದೆ.

ಇನ್ನೊಂದು ವಿಷಯ. ಕಫದ ಡಬ್ಬಿ ಮುಚ್ಚಳ ತೆಗೆದು ಹತ್ತು ನಿಮಿಷ ಇಟ್ಟರೂ ಗಾಳಿಯಿಂದ ಬೀಜಕಣ ಬೀಳಬಹುದು. ಹಾಗಾಗಿ ಒಂದೇ ರಿಪೋರ್ಟ್ ನೋಡಿ ತೀರ್ಮಾನ ಬೇಡ. ರಿಪೋರ್ಟಿನಲ್ಲಿ ಕೆಒಎಚ್ ಅಂತ ಒಂದು ಸಾಲು ಇದೆಯಾ? ಕಫವನ್ನು ನೇರ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗಲೇ ಕವಲೊಡೆದ ಎಳೆ ಕಂಡಿದ್ದರೆ ತೂಕ ಜಾಸ್ತಿ. ಬೀಜಕಣ ಗಾಳಿಯಿಂದ ಬಿದ್ದಿರಬಹುದು, ಎಳೆ ಬೀಳುವುದಿಲ್ಲ. ಎಳೆ ಅಂದರೆ ಒಳಗೆ ಬೆಳೆದಿದೆ ಅಂತ.

ಮತ್ತೆ ಕೊಡುವಾಗ ಬೆಳಿಗ್ಗೆ ಎದ್ದು ನೀರಿನಲ್ಲಿ ಬಾಯಿ ಮುಕ್ಕಳಿಸಿ, ಆಳದಿಂದ ಕೆಮ್ಮಿ ತೆಗೆದ ಕಫ ಕೊಡಿ. ಅರ್ಧಕ್ಕರ್ಧ ಜನ ಉಗುಳು ಕೊಡುತ್ತಾರೆ. ಅದನ್ನು ಎಷ್ಟು ನೋಡಿದರೂ ಬಾಯಿಯ ಸಮಾಚಾರವೇ.

ಬ್ಲ್ಯಾಕ್ ಫಂಗಸ್ ಇದಲ್ಲ. ಅದು ಮ್ಯೂಕರ್ ಜಾತಿ, ಬೇರೆ ಮನೆತನ. ಇದು ತಟ್ಟೆಯಲ್ಲಿ ಬೆಳೆದಾಗ ಹೊಗೆ ಬಣ್ಣ ಬೆರೆತ ಹಸಿರು ಪುಡಿ ಹಾಗಿರುತ್ತದೆ. ಫ್ಯೂಮಿಗೇಟಸ್ ಅಂದರೆ ಹೊಗೆಯಾಡಿದ್ದು ಅಂತಲೇ ಅರ್ಥ. ಆಸ್ಪರ್ಜಿಲಸ್ ಅನ್ನುವ ಹೆಸರು 1729ರಲ್ಲಿ ಇಟಲಿಯ ಮಿಕೇಲಿ ಇಟ್ಟದ್ದು. ಅವರು ಪಾದ್ರಿ. ಚರ್ಚಿನಲ್ಲಿ ತೀರ್ಥ ಚಿಮುಕಿಸುವ ಕೋಲಿನ ಹಾಗೆ ಕಂಡಿತಂತೆ. ನಮ್ಮವರು ಯಾರಾದರೂ ನೋಡಿದ್ದರೆ ಪನ್ನೀರು ದಾನಿ ಅಂತಿದ್ದರೇನೋ. ಇರಲಿ, ವಿಷಯ ಬಿಟ್ಟು ಎಲ್ಲೋ ಹೋದೆ.

ಸರಸ್ವತಿಪುರಂ ಗೂರಲು (ಸೋಮವಾರ ಬೆಳಿಗ್ಗೆ)

ನನ್ನ ಕಥೆ ಕೇಳಿ ಅಕ್ಕಾ. ಚಿಕ್ಕಂದಿನಿಂದ ಅಸ್ತಮಾ. ಆರು ವರ್ಷದ ಹಿಂದೆ ಮಳೆಗಾಲದಲ್ಲಿ ಜ್ವರ, ಕೆಮ್ಮು, ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ. ನನಗೂ ಟಿಬಿ ಅಂದರು, ನಾನೂ ಮಾತ್ರೆ ನುಂಗಿದೆ. ಕಫದಲ್ಲಿ ಕಂದು ಬಣ್ಣದ ಗಟ್ಟಿ ತುಂಡು ಬರುತ್ತಿತ್ತು, ಹುಣಸೆ ಹಣ್ಣಿನ ನಾರು ಹಿಂಡಿದ ಹಾಗೆ. ಅದನ್ನು ಯಾರಿಗೂ ತೋರಿಸಿರಲಿಲ್ಲ, ನಾಚಿಕೆ. ಕೊನೆಗೆ ಒಬ್ಬ ಡಾಕ್ಟರ್ "ಕಫ ಯಾವ ಬಣ್ಣ?" ಅಂತ ಕೇಳಿದರು. ಅದೊಂದು ಪ್ರಶ್ನೆಯಿಂದ ಎಲ್ಲ ಬದಲಾಯಿತು. ರಕ್ತದಲ್ಲಿ ಐಜಿಇ (ಅಲರ್ಜಿಯಲ್ಲಿ ಏರುವ ಪ್ರತಿಕಾಯ) ನೋಡಿಸಿದರು, 4800 ಇತ್ತು. ಇದೇ ಆಸ್ಪರ್ಜಿಲಸ್. ನನಗೆ ಎಬಿಪಿಎ, ಅಂದರೆ ಫಂಗಸ್ ಕಂಡರೆ ಮೈಗೆ ಆಗದ ಅಲರ್ಜಿ. ಸ್ಟೀರಾಯ್ಡ್ ಮಾತ್ರೆ ಕೊಟ್ಟರು, ಎರಡು ವಾರದಲ್ಲಿ ಚಾಮುಂಡಿ ಬೆಟ್ಟ ಹತ್ತುವಷ್ಟು ಉಸಿರು ಬಂತು.

ನಿಮ್ಮ ಮಾವನಿಗೂ ಸ್ಟೀರಾಯ್ಡ್ ಕೇಳಿ ನೋಡಿ. ಟಿಬಿ ಮಾತ್ರೆಯಿಂದ ಸುಮ್ನೆ ಲಿವರ್ ಹಾಳು.

ಎದೆಗೂಡು (ಸೋಮವಾರ ಮಧ್ಯಾಹ್ನ)

ಡ್ಯೂಟಿ ಮಧ್ಯೆ ಬರೆಯುತ್ತಿದ್ದೇನೆ, ಮೇಲಿನ ಸಲಹೆ ನೋಡಿ ಸುಮ್ಮನಿರಲು ಆಗಲಿಲ್ಲ. ನಾನು ಮೈಸೂರಿನಲ್ಲಿ ಶ್ವಾಸಕೋಶ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದೇನೆ. ಗೂರಲು ಅವರೇ, ನಿಮಗೆ ಸರಿಯಾದ ಔಷಧಿಯೇ ಸಿಕ್ಕಿದೆ. ಆದರೆ ಅದನ್ನು ಇವರ ಮಾವನಿಗೆ ಕೊಟ್ಟರೆ ಅನಾಹುತ ಆಗಬಹುದು. ದಯವಿಟ್ಟು ಯಾರೂ ಸ್ಟೀರಾಯ್ಡ್ ಶುರು ಮಾಡಬೇಡಿ.

ರಿಪೋರ್ಟಿನಲ್ಲಿ ಹೆಸರು ಒಂದೇ ಇದೆ. ಆದರೆ ಶ್ವಾಸಕೋಶದ ಒಳಗೆ ನಡೆಯುತ್ತಿರುವುದು ಬೇರೆ ಬೇರೆ ಇರಬಹುದು. ಸಿಒಪಿಡಿ ಇರುವವರಲ್ಲಿ ಎಷ್ಟೋ ಸಲ ಫಂಗಸ್ ಸುಮ್ಮನೆ ಇರುತ್ತದೆ, ಛತ್ರದಲ್ಲಿ ಮಲಗಿದ ದಾರಿಹೋಕನ ಹಾಗೆ. ತೊಂದರೆ ಕೊಡುತ್ತಿಲ್ಲ ಅಂದರೆ ಔಷಧಿ ಬೇಡ, ಕಣ್ಣಿಟ್ಟರೆ ಸಾಕು. ಗೂರಲು ಅವರಲ್ಲಿ ಫಂಗಸ್ ಇದ್ದದ್ದು ಸ್ವಲ್ಪ, ಗಲಾಟೆ ಮಾಡಿದ್ದು ಅವರದೇ ರೋಗನಿರೋಧಕ ಶಕ್ತಿ. ಆ ಗಲಾಟೆ ತಣಿಸಲು ಸ್ಟೀರಾಯ್ಡ್. ಇದನ್ನು 1952ರಲ್ಲೇ ಇಂಗ್ಲೆಂಡಿನಲ್ಲಿ ಗುರುತಿಸಿದ್ದಾರೆ, ನಮ್ಮಲ್ಲಿ ಇವತ್ತಿಗೂ ಟಿಬಿ ಅಂತಲೇ ಮಾತ್ರೆ ನುಂಗಿಸುವುದು ನಿಂತಿಲ್ಲ. ಮೊದಲೆಲ್ಲ ಐಜಿಇ 1000 ದಾಟಿದರೆ ಮಾತ್ರ ಎಬಿಪಿಎ ಎನ್ನುತ್ತಿದ್ದರು, 2024ರಲ್ಲಿ ಆ ಗಡಿಯನ್ನು 500ಕ್ಕೆ ಇಳಿಸಿದ್ದಾರೆ. ಅದರ ಜೊತೆಗೆ ಆಸ್ಪರ್ಜಿಲಸ್‌ನ ಮೇಲೇ ಇರುವ ಐಜಿಇ ಕೂಡ ಪಾಸಿಟಿವ್ ಇರಬೇಕು.

ನಿಮ್ಮ ಮಾವನ ಕಥೆ ಓದಿದರೆ ನನಗೆ ಅನುಮಾನ ಬರುವುದು ಮೂರನೆಯದರ ಮೇಲೆ. ಟಿಬಿ ವಾಸಿಯಾದ ಮೇಲೂ ಕೆಲವರ ಶ್ವಾಸಕೋಶದಲ್ಲಿ ಹಳ್ಳ ಉಳಿಯುತ್ತದೆ. ಹಳೇ ಹುಣಸೆ ಮರದ ಪೊಟರೆ ನೋಡಿದ್ದೀರಲ್ಲ, ಹಾಗೆ. ಗಾಳಿ ಇದೆ, ತೇವ ಇದೆ, ಕೇಳುವವರು ಯಾರೂ ಇಲ್ಲ. ಫಂಗಸ್ ಅಲ್ಲಿ ನಿಧಾನಕ್ಕೆ ಬೆಳೆದು, ಕಫ, ಸತ್ತ ಜೀವಕೋಶ ಎಲ್ಲ ಸೇರಿ ಉಂಡೆ ಕಟ್ಟುತ್ತದೆ. ನಾವು ಫಂಗಲ್ ಬಾಲ್ ಅಂತೀವಿ. ಇಂಗ್ಲೆಂಡಿನಲ್ಲಿ ಟಿಬಿ ವಾಸಿಯಾಗಿ 2.5 ಸೆಂಟಿಮೀಟರಿಗಿಂತ ದೊಡ್ಡ ಪೊಟರೆ ಉಳಿದಿದ್ದ 544 ಜನರನ್ನು ಪರೀಕ್ಷಿಸಿ 1968ರಲ್ಲಿ ವರದಿ ಮಾಡಿದ್ದರು. ಕಾಲು ಭಾಗದ ಜನರ ರಕ್ತದಲ್ಲಿ ಆಸ್ಪರ್ಜಿಲಸ್ ವಿರುದ್ಧದ ಪ್ರತಿಕಾಯ ಇತ್ತು. ಸುಮಾರು 14 ಪರ್ಸೆಂಟ್ ಜನರಲ್ಲಿ ಉಂಡೆಯೇ ಕಂಡಿತ್ತು. ಅಂದರೆ ಇದೇನೂ ಅಪರೂಪದ ವಿಷಯ ಅಲ್ಲ, ನಾವು ಹುಡುಕುವುದು ಅಪರೂಪ.

ಮೂರು ತಿಂಗಳಿಗಿಂತ ಹೆಚ್ಚು ಕೆಮ್ಮು, ತೂಕ ಇಳಿಕೆ, ಕಫದಲ್ಲಿ ರಕ್ತ. ಟಿಬಿ ಮತ್ತೆ ಬಂದರೂ ಇದೇ ಲಕ್ಷಣ, ಇದಾದರೂ ಇದೇ ಲಕ್ಷಣ. ಎಕ್ಸ್‌ರೇಯಲ್ಲೂ ಎರಡೂ ಮೇಲ್ಭಾಗದಲ್ಲೇ. ಹಾಗಾಗಿ ಆ ನರ್ಸಿಂಗ್ ಹೋಮಿನವರಿಗೆ ಟಿಬಿ ಅನುಮಾನ ಬಂದದ್ದು ತಪ್ಪಲ್ಲ. ಪರೀಕ್ಷೆ ಮಾಡದೆ ಮಾತ್ರೆ ಬರೆದದ್ದು ತಪ್ಪು.

ಈಗ ಆಗಬೇಕಾದ್ದು: ಕಫದ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್, ಅಂದರೆ ಟಿಬಿ ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಜೊತೆಗೆ ಟಿಬಿ ಕಲ್ಚರ್, ಎದೆಯ ಸಿಟಿ ಸ್ಕ್ಯಾನ್, ಆಸ್ಪರ್ಜಿಲಸ್ ವಿರುದ್ಧದ ಪ್ರತಿಕಾಯ ನೋಡುವ ಐಜಿಜಿ ರಕ್ತ ಪರೀಕ್ಷೆ. ಗಮನಿಸಿ, ಐಜಿಜಿ. ಗೂರಲು ಅವರಿಗೆ ಮಾಡಿದ್ದು ಐಜಿಇ. ಒಂದಕ್ಷರ ತಪ್ಪಿದರೆ ಬೇರೆಯದೇ ಪರೀಕ್ಷೆ ಆಗುತ್ತದೆ. ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ ಇದೆ, ಮೈಸೂರಿಗೆ ಬರುವುದಾದರೆ ಕೆಆರ್‌ಎಸ್ ರಸ್ತೆಯ ಪಿಕೆಟಿಬಿ ಆಸ್ಪತ್ರೆ ಇದೆ.

ಟಿಬಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ.

ಮಗುವಿಗೆ ಫಂಗಸ್ ಅಂಟುವುದಿಲ್ಲ. ಇದು ಮನುಷ್ಯನಿಂದ ಮನುಷ್ಯನಿಗೆ ಹರಡುವ ರೋಗ ಅಲ್ಲ. ಆದರೆ ಟಿಬಿ ಇಲ್ಲ ಅಂತ ಖಾತ್ರಿ ಆಗುವವರೆಗೆ ಮಗು ಅಜ್ಜಿ ಹತ್ತಿರ ಮಲಗಲಿ.

ಮದ್ದೂರು ಸೊಸೆ (ಸೋಮವಾರ ಸಂಜೆ)

ತುಂಬಾ ಉಪಕಾರ ಆಯಿತು ಡಾಕ್ಟ್ರೇ. ಮೇಷ್ಟ್ರೇ, ರಿಪೋರ್ಟ್ ಮತ್ತೆ ನೋಡಿದೆ. ಕೆಒಎಚ್ ಸಾಲಿನಲ್ಲಿ "ಕವಲೊಡೆದ ಎಳೆಗಳು ಕಂಡಿವೆ" ಅನ್ನುವ ಅರ್ಥದ್ದು ಇದೆ. ಒಂದು ಕೇಳಬೇಕು. ರಕ್ತ ಜಾಸ್ತಿ ಬಂದರೆ ಏನು ಮಾಡುವುದು? ರಾತ್ರಿ ಅವರು ಕೆಮ್ಮಿದರೆ ನನಗೆ ನಿದ್ದೆ ಹೋಗುತ್ತದೆ.

ಎದೆಗೂಡು (ಸೋಮವಾರ ರಾತ್ರಿ)

ಎಳೆ ಕಂಡಿದೆ ಅಂದರೆ ಸಿಟಿ ಬೇಗ ಮಾಡಿಸಿ.

ಗೆರೆ ಗೆರೆ ಬಂದರೆ ಆ ವಾರದಲ್ಲೇ ತೋರಿಸಿ. ಬರೀ ರಕ್ತ, ಒಂದೆರಡು ಚಮಚ ಬಂದರೂ ಅವತ್ತೇ. ಲೋಟ ತುಂಬಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ಯಾವ ಕಡೆ ತೊಂದರೆ ಇದೆಯೋ ಆ ಮಗ್ಗುಲು ಕೆಳಗೆ ಮಾಡಿ ಮಲಗಿಸಿ. ಬಲಗಡೆ ಪೊಟರೆ ಇದ್ದರೆ ಬಲಮಗ್ಗುಲು. ಒಳ್ಳೆಯ ಶ್ವಾಸಕೋಶಕ್ಕೆ ರಕ್ತ ಇಳಿಯಬಾರದು, ಅದಕ್ಕೆ. ಜನ ಸಾಮಾನ್ಯವಾಗಿ ಉಲ್ಟಾ ಮಾಡುತ್ತಾರೆ, ನೋವಿರುವ ಕಡೆ ಮೇಲೆ ಇರಲಿ ಅಂತ.

ಉಂಡೆಯಿಂದ ರಕ್ತ ಬರುವುದಿಲ್ಲ, ಅದು ನಿರ್ಜೀವ ಬಟ್ಟೆ ಮುದ್ದೆ ಇದ್ದ ಹಾಗೆ. ಪೊಟರೆಯ ಗೋಡೆಯಲ್ಲಿ ಹೊಸ ರಕ್ತನಾಳಗಳು ಹುಟ್ಟಿರುತ್ತವೆ, ತೆಳು. ಅವು ಒಡೆಯುತ್ತವೆ. ಜಾಸ್ತಿಯಾದರೆ ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ಹಾಯಿಸಿ, ರಕ್ತ ಬರುವ ನಾಳವನ್ನು ಒಳಗಿನಿಂದಲೇ ಮುಚ್ಚುತ್ತಾರೆ. ಎದೆ ಕೊಯ್ಯುವುದಿಲ್ಲ.

ಪಾಂಡವಪುರ ಕಬ್ಬು (ಮಂಗಳವಾರ ಬೆಳಿಗ್ಗೆ)

ನನಗೆ ಆಲೆಮನೆ ವಿಷಯ ಕಾಡುತ್ತಿದೆ. ನಮ್ಮದೂ ಒಂದು ಆಲೆಮನೆ ಇದೆ. ರಚ್ಚು (ರಸ ಹಿಂಡಿದ ಕಬ್ಬಿನ ಸಿಪ್ಪೆ) ಹರಡಿ ಒಣಗಿಸುತ್ತೇವೆ, ನಡುವೆ ಮಳೆ ಬಂದರೆ ಗುಡ್ಡೆ ಹಾಕುತ್ತೇವೆ. ಎರಡು ದಿನ ಬಿಟ್ಟು ಕೆದಕಿದರೆ ಒಳಗೆ ಬಿಸಿ ಹಬೆ, ಬೂದಿ ಹಾಗೆ ಬೂಸ್ಟು, ಮೂಗಿಗೆ ಘಾಟು. ಒಲೆಗೆ ತುಂಬುವವನು ದಿನಪೂರ್ತಿ ಅದರಲ್ಲೇ ಇರುತ್ತಾನೆ. ನಮ್ಮಲ್ಲಿ ಒಲೆ ಉರಿ ಹಾಕುವವರಿಗೆ ಸಂಜೆ ಹೊತ್ತಿಗೆ ಜ್ವರ, ಮೈ ಕೈ ನೋವು. ಬೆಲ್ಲದ ಮನೆಯ ಉಷ್ಣ ಅಂತ ಹೇಳುತ್ತಾ ಬಂದಿದ್ದೇವೆ. ಅದೂ ಇದೇ ಫಂಗಸಾ?

ಲ್ಯಾಬ್ ಮೇಷ್ಟ್ರು (ಮಂಗಳವಾರ ಮಧ್ಯಾಹ್ನ)

ನಿಮ್ಮ ಒಲೆಯವರ ಸಂಜೆ ಜ್ವರಕ್ಕೆ ಹೆಸರೇ ಇದೆ, ಬಗಾಸೋಸಿಸ್. ಕಬ್ಬಿನ ಸಿಪ್ಪೆಗೆ ಬಗಾಸ್ ಅಂತಾರಲ್ಲ, ಅದರಿಂದ ಬಂದ ಹೆಸರು. ತಮಾಷೆ ಏನಂದರೆ ಅದಕ್ಕೆ ಮುಖ್ಯ ಕಾರಣ ಫಂಗಸ್ ಅಲ್ಲ. ಫಂಗಸ್ ಹಾಗೆ ಎಳೆ ಬಿಡುವ, ಬಿಸಿ ಗುಡ್ಡೆಯಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ. ದೂಳು ಕುಡಿದ ನಾಲ್ಕರಿಂದ ಎಂಟು ಗಂಟೆಗೆ ಜ್ವರ, ಚಳಿ, ಒಣ ಕೆಮ್ಮು, ದಮ್ಮು. ರಜೆ ಹಾಕಿದರೆ ತಾನೇ ಇಳಿಯುತ್ತದೆ, ಮತ್ತೆ ಕೆಲಸಕ್ಕೆ ಹೋದರೆ ಮತ್ತೆ ಬರುತ್ತದೆ. ವರ್ಷಗಟ್ಟಲೆ ಹೀಗೇ ಆದರೆ ಶ್ವಾಸಕೋಶ ಗಟ್ಟಿಯಾಗಿಬಿಡುತ್ತದೆ. ಹಾಗಾಗಿ "ಉಷ್ಣ" ಅಂತ ಬಿಡಬೇಡಿ. ಮಂಡ್ಯದಲ್ಲಿ 1933ರಿಂದ ಸಕ್ಕರೆ ಕಾರ್ಖಾನೆ ಇದೆ, ಆಲೆಮನೆಗಳಂತೂ ಅದಕ್ಕಿಂತ ಹಳೆಯವು. ಆದರೂ ಈ ಹೆಸರು ನಮ್ಮ ಊರಿನವರ ಕಿವಿಗೇ ಬಿದ್ದಿಲ್ಲ ನೋಡಿ.

ಆದರೆ ಅದೇ ಗುಡ್ಡೆಯಲ್ಲಿ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಕೂಡ ಸುಖವಾಗಿರುತ್ತದೆ. 50 ಡಿಗ್ರಿ ಬಿಸಿಯಲ್ಲೂ ಬೆಳೆಯುವ ಜಾತಿ ಅದು. ತಿಪ್ಪೆಗುಂಡಿ, ಹಸಿ ಹುಲ್ಲಿನ ಮೆದೆ, ಬೂಸ್ಟು ಹಿಡಿದ ಜೋಳ, ಎಲ್ಲ ಅದರ ತವರು. ನಮ್ಮ ಮೈಯ 37 ಡಿಗ್ರಿ ಅದಕ್ಕೆ ಒಂದು ಲೆಕ್ಕವೇ ಅಲ್ಲ. ಬೇರೆ ಎಷ್ಟೋ ಫಂಗಸ್ ನಮ್ಮ ಒಳಗೆ ಬದುಕದೇ ಇರುವುದು, ಇದು ಬದುಕುವುದು, ಬಹಳ ಮಟ್ಟಿಗೆ ಇದಕ್ಕೇ.

ರಚ್ಚು ಚೆನ್ನಾಗಿ ಒಣಗಿದ ಮೇಲೆಯೇ ಗುಡ್ಡೆ ಹಾಕಿ, ಮೇಲೆ ಹೊದಿಕೆ ಇರಲಿ. ಕೆದಕುವಾಗ ಗಾಳಿಗೆ ಬೆನ್ನು ಮಾಡಿ ನಿಲ್ಲಿ, ಎನ್-95 ಹಾಕಿ. ಟವೆಲ್ ಕಟ್ಟಿಕೊಂಡರೆ 2 ಮೈಕ್ರಾನ್ ಬೀಜಕಣ ನಿಲ್ಲುವುದಿಲ್ಲ. ಜರಡಿಯಲ್ಲಿ ಗಾಳಿ ಹಿಡಿದ ಹಾಗೆ.

ಕುವೆಂಪುನಗರ ಮಗಳು (ಮಂಗಳವಾರ ರಾತ್ರಿ)

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಅಮ್ಮ ನಂಜನಗೂಡು ಕಡೆಯವರು, ಬೀಡಿ ಸಿಗರೇಟು ಮುಟ್ಟಿದವರಲ್ಲ, ಆದರೂ ಸಿಒಪಿಡಿ. ಇನ್‌ಹೇಲರ್ ಎಳೆಯುತ್ತಾರೆ. ಕಫದಲ್ಲಿ "ಕ್ಯಾಂಡಿಡಾ" ಅಂತ ಬಂದಿದೆ. ಇದೂ ಶ್ವಾಸಕೋಶಕ್ಕೆ ಇಳಿದಿದೆಯಾ?

ಲ್ಯಾಬ್ ಮೇಷ್ಟ್ರು (ಮಂಗಳವಾರ ರಾತ್ರಿ)

ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ಬಾಯಿಯದು ಮಗಳೇ. ಸ್ಟೀರಾಯ್ಡ್ ಇರುವ ಇನ್‌ಹೇಲರ್ ಎಳೆದು ಬಾಯಿ ತೊಳೆಯದಿದ್ದರೆ ನಾಲಿಗೆ ಮೇಲೆ ಮೊಸರು ಚೆಲ್ಲಿದ ಹಾಗೆ ಬಿಳಿ ಕಟ್ಟುತ್ತದೆ. ಟಾರ್ಚ್ ಹಾಕಿ ನೋಡಿ. ಎಳೆದ ತಕ್ಷಣ ಬಾಯಿ, ಗಂಟಲು ಮುಕ್ಕಳಿಸಿ ಉಗಿಯಲಿ. ಇನ್‌ಹೇಲರಿಗೆ ಸ್ಪೇಸರ್ (ಔಷಧಿ ತುಂಬಿ ಎಳೆಯುವ ಡಬ್ಬಿ) ಹಾಕಿದರೆ ಇನ್ನೂ ಒಳ್ಳೆಯದು. ಕಫದಲ್ಲಿ ಕ್ಯಾಂಡಿಡಾ ಬಂತು ಅಂತ ಫಂಗಸ್ ಮಾತ್ರೆ ನುಂಗಿಸಬೇಡಿ.

ಬೀಡಿ ಸೇದದೆ ಸಿಒಪಿಡಿ ಬಂದದ್ದಕ್ಕೆ ಆಶ್ಚರ್ಯ ಬೇಡ. ಸೌದೆ ಒಲೆ. ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರನ್ನೇ ನೋಡಿ 2013ರಲ್ಲಿ ಒಂದು ಅಧ್ಯಯನ ಪ್ರಕಟವಾಗಿದೆ. ದಿನಕ್ಕೆ ಎಷ್ಟು ಗಂಟೆ ಒಲೆ ಮುಂದೆ, ಎಷ್ಟು ವರ್ಷ, ಎರಡನ್ನೂ ಗುಣಿಸಿ. 60 ತಲುಪಿದರೆ ಕ್ರಾನಿಕ್ ಬ್ರಾಂಕೈಟಿಸ್ (ಬಿಡದೆ ಕಾಡುವ ಕಫ ಕೆಮ್ಮು) ಅಪಾಯ ಎದ್ದು ಕಾಣುತ್ತದೆ. ದಿನಕ್ಕೆ ನಾಲ್ಕು ಗಂಟೆ ಅಂದರೆ ಹದಿನೈದು ವರ್ಷಕ್ಕೇ ಮುಟ್ಟಿತು ಲೆಕ್ಕ.

ಕುವೆಂಪುನಗರ ಮಗಳು (ಮಂಗಳವಾರ ರಾತ್ರಿ)

ಅಮ್ಮನದು 140 ಬಂತು.

ಔಷಧಿ ಅಂಗಡಿ ರಾಯರು (ಬುಧವಾರ ಬೆಳಿಗ್ಗೆ)

ನಲವತ್ತು ವರ್ಷ ಅಗ್ರಹಾರದಲ್ಲಿ ಔಷಧಿ ಅಂಗಡಿ ಇಟ್ಟಿದ್ದವನು, ಈಗ ಮಗ ನೋಡಿಕೊಳ್ಳುತ್ತಾನೆ. ನಮ್ಮ ಕಾಲದವರು ಪಿಕೆಟಿಬಿಯನ್ನು ಸ್ಯಾನಟೋರಿಯಂ ಅಂತಲೇ ಕರೆಯುವುದು. ನಾಲ್ವಡಿಯವರ ಸೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡರು, ಅವರ ಹೆಸರಿನಲ್ಲಿ ಕಟ್ಟಿಸಿದ್ದು. ಅರಮನೆಯನ್ನೂ ಬಿಡದ ಕಾಯಿಲೆ.

ಮುಖ್ಯವಾದ ಮಾತು. ಈ ಫಂಗಸ್ಸಿಗೆ ಸಾಮಾನ್ಯವಾಗಿ ಬರೆಯುವುದು ಇಟ್ರಾಕೊನಜೋಲ್. ಅದು ಬಹಳ ಸೂಕ್ಷ್ಮದ ಮಾತ್ರೆ. ಟಿಬಿಯ ರಿಫಾಂಪಿಸಿನ್ ಜೊತೆ ನುಂಗಿದರೆ ನೀರಿಗೆ ಹಾಕಿದ ಹಾಗೆ, ಲಿವರ್ ಅದನ್ನು ಅರೆದು ಎಸೆದುಬಿಡುತ್ತದೆ. ಮೂತ್ರ ಕಿತ್ತಳೆ ಬಣ್ಣ ಅಂದಿರಲ್ಲ ತಾಯಿ, ಅದು ರಿಫಾಂಪಿಸಿನ್ ಗುರುತು. ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಅದರ ಪ್ರಭಾವ ಇರುತ್ತದೆ. ಹೊಸ ಡಾಕ್ಟರಿಗೆ ನಡೆಯುತ್ತಿರುವ ಮಾತ್ರೆ ಎಲ್ಲ ಸ್ಟ್ರಿಪ್ ಸಮೇತ ತೋರಿಸಿ. ಬಾಯಲ್ಲಿ "ಕೆಂಪು ಮಾತ್ರೆ" ಅಂದರೆ ಯಾರಿಗೂ ಗೊತ್ತಾಗುವುದಿಲ್ಲ.

ಎರಡನೆಯದು, ಇಟ್ರಾಕೊನಜೋಲ್ ಕ್ಯಾಪ್ಸೂಲ್ ಮೈಗೆ ಹತ್ತಬೇಕಾದರೆ ಹೊಟ್ಟೆಯಲ್ಲಿ ಹುಳಿ ಬೇಕು. ಊಟದ ಜೊತೆ ನುಂಗಬೇಕು. ನಮ್ಮಲ್ಲಿ ಯಾವ ಚೀಟಿ ನೋಡಿದರೂ ಗ್ಯಾಸ್ಟ್ರಿಕ್ ಮಾತ್ರೆ ಒಂದು ಇದ್ದೇ ಇರುತ್ತದೆ, ಪ್ಯಾಂಟೊಪ್ರಜೋಲ್. ಅದು ಹುಳಿಯನ್ನೇ ನಿಲ್ಲಿಸುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಅದೇ ಔಷಧಿ ಸಿರಪ್ ರೂಪದಲ್ಲಿದ್ದರೆ ಖಾಲಿ ಹೊಟ್ಟೆ, ನಿಯಮ ಉಲ್ಟಾ. ಹೊಸ ಬಗೆಯ ಕ್ಯಾಪ್ಸೂಲ್ ಬಂದಿದೆ, ಅದಕ್ಕೆ ಹುಳಿಯ ಹಂಗು ಅಷ್ಟಿಲ್ಲ. ಯಾವುದು ಕೊಟ್ಟಿದ್ದಾರೆ ಅಂತ ಕೇಳಿಕೊಳ್ಳಿ.

ಕೊಲೆಸ್ಟ್ರಾಲ್ ಮಾತ್ರೆ ಇದ್ದರೂ ಹೇಳಿ. ಹಾರ್ಟ್ ಫೇಲ್ಯೂರ್ ಇದ್ದರಂತೂ ಹೇಳಲೇಬೇಕು.

ಸರಸ್ವತಿಪುರಂ ಗೂರಲು (ಬುಧವಾರ ಬೆಳಿಗ್ಗೆ)

ರಾಯರೇ, ಇನ್‌ಹೇಲರ್ ಬಿಟ್ಟಿರಿ! ಎರಡನೇ ಸಲ ಎಬಿಪಿಎ ಕೆರಳಿದಾಗ ನನಗೆ ಇಟ್ರಾಕೊನಜೋಲ್ ಕೊಟ್ಟಿದ್ದರು. ನಾನು ಬುಡೆಸೊನೈಡ್ ಇನ್‌ಹೇಲರ್ ಎಳೆಯುತ್ತಲೇ ಇದ್ದೆ. ಮೂರು ತಿಂಗಳಲ್ಲಿ ಮುಖ ಚಂದ್ರನ ಹಾಗೆ ಊದಿತು. ಮದುವೆಮನೆಯಲ್ಲಿ ಎಲ್ಲರೂ "ಆರೋಗ್ಯ ಚೆನ್ನಾಗಿದೆ" ಅಂದರು. ಆಮೇಲೆ ತಿಳಿಯಿತು, ಆ ಮಾತ್ರೆ ಇನ್‌ಹೇಲರಿನ ಸ್ಟೀರಾಯ್ಡ್ ಮೈಯಲ್ಲೇ ಉಳಿಯುವಂತೆ ಮಾಡುತ್ತದೆ ಅಂತ. ಬೇರೆ ಇನ್‌ಹೇಲರ್‌ಗೆ ಬದಲಾಯಿಸಿದರು.

ಸೋಮವಾರ ನಾನು ಹೇಳಿದ ಸ್ಟೀರಾಯ್ಡ್ ಸಲಹೆ ವಾಪಸ್ ತೆಗೆದುಕೊಳ್ಳುತ್ತೇನೆ ಅಕ್ಕಾ. ನನಗೆ ಆದದ್ದೇ ಎಲ್ಲರಿಗೂ ಆಗಿರುತ್ತದೆ ಅಂದುಕೊಂಡೆ.

ಮದ್ದೂರು ಸೊಸೆ (ನಾಲ್ಕು ವಾರದ ನಂತರ)

ಎಲ್ಲರಿಗೂ ಮತ್ತೆ ನಮಸ್ಕಾರ. ಓಡಾಟದಲ್ಲಿ ಬರೆಯಲು ಆಗಲಿಲ್ಲ.

ಸಿಬಿನ್ಯಾಟ್ ನೆಗೆಟಿವ್. ಸಿಟಿಯಲ್ಲಿ ಬಲಗಡೆ ಮೇಲೆ ಪೊಟರೆ, ಅದರೊಳಗೆ ಉಂಡೆ. ಅಂಗಾತ ಮಲಗಿಸಿ ಒಂದು ಸಲ, ಬೋರಲು ಮಲಗಿಸಿ ಇನ್ನೊಂದು ಸಲ ತೆಗೆದರು. ಉಂಡೆ ಜಾಗ ಬದಲಾಯಿಸಿದೆ! ಡಾಕ್ಟರ್ ಪರದೆ ಮೇಲೆ ತೋರಿಸಿದರು, ಉಂಡೆಯ ಮೇಲೆ ಎಳೆ ಚಂದ್ರನ ಹಾಗೆ ಗಾಳಿಯ ಗೆರೆ. ಮಾವ ನೋಡಿ, "ಗಿಲಕಿ ಇದ್ದಂಗೆ ಅದಲ್ಲವ್ವ" ಅಂದರು. ಐಜಿಜಿ ತುಂಬಾ ಜಾಸ್ತಿ ಬಂದಿದೆ. ಟಿಬಿ ಕಲ್ಚರ್ ಆರು ವಾರ ಹಿಡಿಯುತ್ತದಂತೆ, ಅದಿನ್ನೂ ಬಂದಿಲ್ಲ. ಆದರೂ ಎಲ್ಲ ನೋಡಿ ಟಿಬಿ ಮಾತ್ರೆ ಅವರೇ ನಿಲ್ಲಿಸಿದರು. ಎರಡು ವಾರ ಬಿಟ್ಟು ಇಟ್ರಾಕೊನಜೋಲ್ ಶುರು. ರಾಯರೇ, ಸ್ಟ್ರಿಪ್ ಎಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಅದರಲ್ಲಿ ಪ್ಯಾಂಟೊಪ್ರಜೋಲ್ ಇತ್ತು, ತೆಗೆಸಿದರು. ಊಟದ ಜೊತೆ ನುಂಗಿ, ಬೇಕಾದರೆ ಮೇಲೆ ಸ್ವಲ್ಪ ಕೋಲಾ ಕುಡಿಯಿರಿ, ಹುಳಿ ಇದೆ ಅಂದರು. ಜೀವನದಲ್ಲಿ ಕೋಲಾ ಮುಟ್ಟದವರು ಈಗ ರಾಗಿ ಮುದ್ದೆ, ಸೊಪ್ಪಿನ ಸಾರು, ಕೋಲಾ! ಮೊಮ್ಮಗ ಲೋಟ ಹಿಡಿದು ಪಕ್ಕದಲ್ಲೇ ಕಾಯುತ್ತಿರುತ್ತಾನೆ.

ಆಪರೇಷನ್ ಕೇಳಿದೆ. ಉಸಿರಿನ ಪರೀಕ್ಷೆ ಮಾಡಿ, ತಡೆಯುವ ಶಕ್ತಿ ಇಲ್ಲ ಅಂದರು. ಎಷ್ಟು ದಿನ ಮಾತ್ರೆ ಅಂದರೆ ಒಂದು ವರ್ಷ ಅನ್ನುತ್ತಾರೆ. ಅಷ್ಟೊಂದು ಬೇಕಾ ಡಾಕ್ಟ್ರೇ? ಉಂಡೆ ಕರಗುತ್ತದಾ?

ಎದೆಗೂಡು (ಮರುದಿನ)

ಉಂಡೆ ಕರಗುತ್ತದೆ ಅಂತ ಆಸೆ ಹುಟ್ಟಿಸುವುದಿಲ್ಲ. ಉಂಡೆಯೊಳಗೆ ರಕ್ತ ಹರಿಯುವುದಿಲ್ಲ, ಔಷಧಿ ಒಳಗೆ ಹೋಗುವುದು ಕಷ್ಟ. ಕೆಲವರಲ್ಲಿ ಚಿಕ್ಕದಾಗುತ್ತದೆ, ಕೆಲವರಲ್ಲಿ ಹಾಗೇ ಉಳಿಯುತ್ತದೆ. ಮಾತ್ರೆ ಕೆಲಸ ಮಾಡುವುದು ಗೋಡೆಯಲ್ಲಿ ಹರಡುತ್ತಿರುವುದರ ಮೇಲೆ. ಕೆಮ್ಮು ಇಳಿಯಿತಾ, ತೂಕ ಏರಿತಾ, ರಕ್ತ ನಿಂತಿತಾ, ನಾವು ಅಳೆಯುವುದು ಇದನ್ನು. ಒಂದೇ ಉಂಡೆ, ಉಳಿದ ಶ್ವಾಸಕೋಶ ಚೆನ್ನಾಗಿದೆ ಅಂದರೆ ಆಪರೇಷನ್ನೇ ಒಳ್ಳೆಯ ದಾರಿ. ನಿಮ್ಮ ಮಾವನಿಗೆ ಆ ದಾರಿ ಮುಚ್ಚಿದೆ.

ಒಂದು ವರ್ಷದ ಲೆಕ್ಕ ಚಂಡೀಗಢದ ಪಿಜಿಐ ಆಸ್ಪತ್ರೆಯಿಂದ ಬಂದದ್ದು. ಅವರು ಮೊದಲು 31 ಜನರ ಮೇಲೆ ನೋಡಿದರು: ಆರು ತಿಂಗಳು ಇಟ್ರಾಕೊನಜೋಲ್ ಕೊಟ್ಟವರಲ್ಲಿ 76 ಪರ್ಸೆಂಟ್ ಜನ ಸುಧಾರಿಸಿದರು, ಕೊಡದವರಲ್ಲಿ 36. ಅದು 2013ರಲ್ಲಿ. ಆದರೆ ನಿಲ್ಲಿಸಿದ ಮೇಲೆ ಮತ್ತೆ ಬರುತ್ತಿತ್ತು. ಆಮೇಲೆ ಆರು ತಿಂಗಳು, ಹನ್ನೆರಡು ತಿಂಗಳು ಹೋಲಿಸಿ 2022ರಲ್ಲಿ ಪ್ರಕಟಿಸಿದರು. ಆರು ತಿಂಗಳಿನವರಲ್ಲಿ 38 ಪರ್ಸೆಂಟ್ ಜನರಿಗೆ ಮರುಕಳಿಸಿತು, ಹನ್ನೆರಡರಲ್ಲಿ 10. ನೋಡಿದಿರಲ್ಲ, ನಿಮ್ಮ ಡಾಕ್ಟರ್ ಸುಮ್ನೆ ಹೇಳಿದ್ದಲ್ಲ.

ಲಿವರ್ ಪರೀಕ್ಷೆ ತಪ್ಪಿಸಬೇಡಿ. ಕಾಲು ಊದಿದರೆ, ದಮ್ಮು ಜಾಸ್ತಿಯಾದರೆ ಮುಂದಿನ ತಿಂಗಳವರೆಗೆ ಕಾಯಬೇಡಿ.

ಹೆಬ್ಬಾಳ್ ಎರಡನೇ ಹಂತ (ಮರುದಿನ)

ಸಾಂಬ್ರಾಣಿ ಹೇಳಿದವನು ನಾನೇ. ನಮ್ಮ ಅಣ್ಣನಿಗೂ 1998ರಲ್ಲಿ ಟಿಬಿ ಆಗಿತ್ತು, ಪ್ರತಿ ಚಳಿಗಾಲ ಕಫದಲ್ಲಿ ರಕ್ತ ಬರುತ್ತದೆ. "ಹಳೇ ಗಾಯ" ಅಂತ ಬಿಟ್ಟಿದ್ದೆವು. ನಾಳೆ ಸಿಟಿ ಮಾಡಿಸುತ್ತಿದ್ದೇವೆ.

ಮದ್ದೂರು ಸೊಸೆ (ಮೂರು ತಿಂಗಳ ನಂತರ)

ಟಿಬಿ ಕಲ್ಚರ್ ಕೂಡ ನೆಗೆಟಿವ್ ಬಂತು. ಮಾವನ ತೂಕ 2 ಕೆಜಿ ಏರಿದೆ. ರಕ್ತ ಕಂಡು ಎಂಟು ವಾರ ಆಯಿತು. ಕೆಮ್ಮು ಇದೆ, ಆದರೆ ರಾತ್ರಿ ಎಲ್ಲರೂ ಮಲಗುತ್ತೇವೆ. ಹೋದ ವಾರ ಪಾದ ಊದಿತ್ತು, ನೀವು ಹೇಳಿದ್ದು ನೆನಪಾಗಿ ಅವತ್ತೇ ಕರೆದುಕೊಂಡು ಹೋದೆ. ಎಕೋ ಮಾಡಿದರು, ಹೃದಯ ಚೆನ್ನಾಗಿದೆ, ಮಾತ್ರೆಯ ಪ್ರಮಾಣ ಕಡಿಮೆ ಮಾಡಿದ್ದಾರೆ.

ಈಗಿರುವ ಜಗಳ ಆಲೆಮನೆಯದು. ಹೋಗಬೇಡಿ ಅಂದರೆ "ಪಾಕ ನೋಡೋರು ಯಾರು?" ಅಂತಾರೆ. ಮೈದುನ ಪಾಕ ಹಿಡಿದರೆ ಬೆಲ್ಲ ಕಪ್ಪಾಗುತ್ತದಂತೆ. ಕೊನೆಗೆ ಒಂದು ಒಪ್ಪಂದ ಆಗಿದೆ. ರಚ್ಚು ಗುಡ್ಡೆಯನ್ನು ರಸ್ತೆ ಆಚೆ ಹಾಕಿಸಿದ್ದೇವೆ. ಮಾವ ಗಾಳಿ ಬರುವ ಕಡೆ ಬೇವಿನ ಮರದ ಕೆಳಗೆ ಮಾಸ್ಕ್ ಹಾಕಿಕೊಂಡು ಕುರ್ಚಿಯಲ್ಲಿ ಕೂರುತ್ತಾರೆ. ಮೈದುನ ಸೌಟಿನಲ್ಲಿ ಪಾಕ ತಂದು ತೋರಿಸಬೇಕು, ಇವರು ನೀರಿಗೆ ಬಿಟ್ಟು ಉಂಡೆ ಕಟ್ಟಿ ನೋಡಿ "ಇಳ್ಸು" ಅನ್ನಬೇಕು. ಮಾಸ್ಕ್ ಒಳಗಿಂದ ಕೇಳಿಸದೆ ನಿನ್ನೆ ಒಂದು ಕೊಪ್ಪರಿಗೆ ಸೀದು ಹೋಯಿತು. ಅದಕ್ಕೆ ಇವತ್ತಿನಿಂದ ಕೈಯಲ್ಲಿ ಕೆಂಪು ಟವೆಲ್ ಕೊಟ್ಟಿದ್ದೇವೆ, ಬೀಸಲಿ ಅಂತ.